ಸುಡದ ಇಟ್ಟಿಗೆ



ಇಟ್ಟಿಗೆಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಹೊಗೆಯಾಡುವ ಗೂಡು. ಮಣ್ಣನ್ನು ಕಲಸಿ, ಅಚ್ಚಿಗೆ ಹಾಕಿ, ಒಣಗಿಸಿ, 900ರಿಂದ 1000 ಡಿಗ್ರಿ ಸೆಂಟಿಗ್ರೇಡಿನ ಉರಿಯಲ್ಲಿ ಬೇಯಿಸಿದಲ್ಲದೆ ಅದು ಗಟ್ಟಿಯಾಗದೆಂಬುದು ನಮ್ಮ ಬಹುಕಾಲದ ನಂಬಿಕೆ. ಇದಕ್ಕಾಗಿ ಸೌದೆಯೂ ಕಲ್ಲಿದ್ದಲೂ ವ್ಯಯವಾಗುವುವು. ಹೊಲದ ಮೇಲ್ಮಣ್ಣು ಮತ್ತೆ ಬಾರದಂತೆ ಹೋಗುವುದು. ಬೆಂಕಿಯ ಈ ಕೆಲಸದಲ್ಲಿ ಒಂದು ಪಾಲನ್ನು ನೀರಿಗೂ ಒತ್ತಡಕ್ಕೂ ವಹಿಸಬಹುದೆ? ಈ ದಿನ ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ.

1880ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮಿಖೇಲಿಸ್ ಎಂಬ ರಸಾಯನಜ್ಞರು ಸುಣ್ಣವನ್ನೂ ಮರಳನ್ನೂ ಬೆರೆಸಿ, ಅಧಿಕ ಒತ್ತಡದ ಆವಿಯಲ್ಲಿಟ್ಟು ಗಟ್ಟಿಮಾಡುವ ಕ್ರಮಕ್ಕೆ ಪೇಟೆಂಟ್ ಪಡೆದರು. ನಮ್ಮ ಮನೆಗಳ ಸುಣ್ಣದ ಗಾರೆಯಲ್ಲಿ ಮರಳು ಬಹುಮಟ್ಟಿಗೆ ಸುಮ್ಮನಿರುವುದು. ಸುಣ್ಣವು ಗಾಳಿಯ ಇಂಗಾಲಾಮ್ಲವನ್ನು ಹೀರಿ ಮೆಲ್ಲಮೆಲ್ಲನೆ ಗಟ್ಟಿಯಾಗುವುದು. ಭದ್ರವಾಗಿ ಮುಚ್ಚಿದ ಉಕ್ಕಿನ ಪಾತ್ರೆಯೊಳಗಾದರೋ ಸಂಗತಿ ಬೇರೆ. ಅಲ್ಲಿ ಶಾಖ ಸುಮಾರು 180 ಡಿಗ್ರಿ; ಒತ್ತಡ ವಾಯುಭಾರದ ಸುಮಾರು ಹತ್ತರಷ್ಟು. ಈ ಒತ್ತಡವಿರುವುದರಿಂದ ಕಣಗಳ ನಡುವಣ ನೀರು ಕುದಿದು ಹೋಗದೆ ನೀರಾಗಿಯೇ ಉಳಿಯುವುದು. ಮರಳಿನ ಕಣದ ಮೈ ಅದರಲ್ಲಿ ಕರಗತೊಡಗುವುದು. ಕರಗಿದ ಸಿಲಿಕವು ಸುಣ್ಣವನ್ನೂ ನೀರನ್ನೂ ಕೂಡಿಕೊಂಡು, ಅತಿಸೂಕ್ಷ್ಮವಾದ ಹರಳುಗಳಾಗಿ ಬೆಳೆದು, ಕಣಕ್ಕೆ ಕಣವನ್ನು ಹೆಣೆಯುವುದು. ಇವುಗಳಲ್ಲಿ ಮುಖ್ಯವಾದ ಹರಳಿಗೆ ಟೋಬರ್ಮೊರೈಟ್ ಎಂದು ಹೆಸರು.

ಹೀಗೆ ಪಡೆದ ಇಟ್ಟಿಗೆ ಗಟ್ಟಿಯಾದುದು, ಆದರೆ ಭಾರವಾದುದು. ಅದನ್ನು ಹಗುರಮಾಡುವ ಉಪಾಯವನ್ನು ಸ್ವೀಡನ್ನಿನ ಆಕ್ಸೆಲ್ ಎರಿಕ್ಸನ್ನರು 1920ರ ದಶಕದಲ್ಲಿ ಕಂಡುಹಿಡಿದರು. ಇದನ್ನು ತಿಳಿಯಲು ನಮ್ಮ ಅಡಿಗೆಮನೆಯ ಇಡ್ಲಿಯೇ ಸಾಕು. ಹಿಟ್ಟು ಹುಳಿತು ಉಬ್ಬುವುದು, ಬಳಿಕ ಆವಿಯಲ್ಲಿ ಬೆಂದು ಆ ಉಬ್ಬು ನಿಲ್ಲುವುದು. ಇಲ್ಲಿ ಸುಣ್ಣ, ಸಿಮೆಂಟು, ಮರಳುಗಳ ತೆಳುವಾದ ಕಲಸಿಗೆ ಚಿಟಿಕೆಯಷ್ಟು ಅಲ್ಯೂಮಿನಿಯಂ ಪುಡಿಯನ್ನು ಸೇರಿಸುವರು. ಅದರಿಂದ ಜಲಜನಕ ಹೊರಟು ಕಲಸು ಉಬ್ಬುವುದು. ತುಸು ಗಟ್ಟಿಯಾದೊಡನೆ ತಂತಿಯಿಂದ ಕತ್ತರಿಸಿ, ಆವಿಯ ಪಾತ್ರೆಯಲ್ಲಿ ಹಲವು ಗಂಟೆ ಇಡುವರು. ಸುಟ್ಟ ಇಟ್ಟಿಗೆಯ ಒಂದು ಘನ ಮೀಟರು 1600 ಕಿಲೋಗ್ರಾಮಿಗೂ ಮೀರಿ ತೂಗಿದರೆ, ಇದು 500ರಿಂದ 700ರಷ್ಟು ಮಾತ್ರ ತೂಗುವುದು. ರಂಧ್ರಗಳಲ್ಲಿ ಗಾಳಿ ನಿಂತಿರುವುದರಿಂದ ಬಿಸಿಲಿನ ಬೇಗೆ ಗೋಡೆಯನ್ನು ಬೇಗನೆ ದಾಟದು. ಬೆಂಗಳೂರಿನಲ್ಲಿ ಏಳುತ್ತಿರುವ ಕಟ್ಟಡಗಳಲ್ಲಿ ಕಾಣುವ ಬೂದುಬಣ್ಣದ ಹಗುರ ದಿಮ್ಮಿಗಳು ಈ ಜಾತಿಯವೇ. ನಮ್ಮ ದೇಶದಲ್ಲಿ ಅನೇಕ ಕಡೆ ಮರಳಿಗೆ ಬದಲಾಗಿ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಬಳಸುವರು.

ಹಾಗೆಂದು ಬೆಂಕಿಯ ಋಣ ತೀರಿತೆಂದು ನಾವು ಹಿಗ್ಗಲಾಗದು. ಸುಣ್ಣಕ್ಕೂ ಗೂಡು ಬೇಕು, ಸಿಮೆಂಟಿಗೂ ಬೇಕು. ಶುದ್ಧವಾದ 100 ಕಿಲೋಗ್ರಾಂ ಸುಣ್ಣದ ಕಲ್ಲನ್ನು ಸುಟ್ಟರೆ 44 ಕಿಲೋಗ್ರಾಂ ಇಂಗಾಲಾಮ್ಲವು ಗಾಳಿಗೆ ಸೇರುವುದು. ಉರುವಲಿನ ಹೊಗೆಯ ಲೆಕ್ಕ ಬೇರೆ. ಇದಲ್ಲದೆ ಈ ದಿಮ್ಮಿ ನೀರನ್ನು ಹೀರುವುದು. ಹೊರಮೈಗೆ ಒಳ್ಳೆಯ ಗಾರೆಯ ಲೇಪ ಬೇಕು. ಭಾರ ಹೊರುವ ಕಂಬದ ಕೆಲಸವನ್ನು ಇದರಿಂದ ಅಪೇಕ್ಷಿಸಬಾರದು.

ವಿದ್ವಾಂಸರ ಶೋಧನೆ ಇಲ್ಲಿಗೇ ನಿಂತಿಲ್ಲ. ಜಪಾನಿನ ಕೋಚಿ ವಿಶ್ವವಿದ್ಯಾನಿಲಯದಲ್ಲಿ ನಕಮಿಚಿ ಯಮಸಾಕಿಯವರು, ನೀರು ಬೆರೆತ ಪುಡಿಯನ್ನು ಕಾಯಿಸುತ್ತಲೇ ಅದುಮಿ ಗಟ್ಟಿಮಾಡುವ ಕ್ರಮವನ್ನು ಬೆಳೆಸಿದರು. ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾನಿಲಯದ ಕ್ಲೈವ್ ರ‍್ಯಾಂಡಲ್ ಮತ್ತು ಸಂಗಡಿಗರು, ಹಿಂದೆ 1000 ಡಿಗ್ರಿಗೂ ಮೀರಿದ ಉರಿಯನ್ನು ಬೇಡುತ್ತಿದ್ದ ಕೆಲವು ಪಿಂಗಾಣಿ ಜಾತಿಯ ಪದಾರ್ಥಗಳನ್ನು 300 ಡಿಗ್ರಿಯೊಳಗೇ ಗಟ್ಟಿಮಾಡಬಹುದೆಂದು 2016ರಲ್ಲಿ ತೋರಿಸಿದರು. ನೀರಿನಲ್ಲಿ ಸುಲಭವಾಗಿ ಕರಗದ ಪುಡಿಗಳು ಮಾತ್ರ ಈ ಉಪಾಯಕ್ಕೆ ಬೇಗನೆ ಮಣಿಯವು.

ಮನೆ ಕಟ್ಟಿಸುವವರು ಇಟ್ಟಿಗೆಯ ಬೆಲೆಯನ್ನು ವಿಚಾರಿಸುವುದುಂಟು. ಅದರೊಡನೆ, ಅದಕ್ಕೆ ತಗಲಿದ ಮಣ್ಣೆಷ್ಟು, ಉರುವಲೆಷ್ಟು ಎಂಬುದನ್ನೂ ವಿಚಾರಿಸುವ ರೂಢಿ ನಮ್ಮಲ್ಲಿ ಬೆಳೆಯಬೇಕೆಂದು ಹೇಳಿ ಈ ಭಾಷಣವನ್ನು ಮುಗಿಸುತ್ತೇವೆ.