ಮಕ್ಕಳು ಕೇಳಿದರು, ಪಂಚಾಯಿತಿ ಉತ್ತರಿಸಬೇಕಾಯಿತು

ಕಲಬುರಗಿಯ ನೆಹರು ಗಂಜ್. ತೊಗರಿ ಸುಗ್ಗಿ ಬಂತೆಂದರೆ ಇಲ್ಲಿ ಲಾರಿ, ಚೀಲ, ತಕ್ಕಡಿ, ಹಮಾಲರ ಕೂಗು. 2019ರಲ್ಲಿ ಜಿಐ ಮಾನ್ಯತೆ ಪಡೆದ ತೊಗರಿ ಇದು. ಗಂಜ್‌ಗೆ ಬರುವ ಮುಂಚೆ ಅದಕ್ಕೆ ಎಷ್ಟೋ ಕೈ ತಾಗಿರುತ್ತವೆ. ಆ ಕೈಗಳಲ್ಲಿ ಮಕ್ಕಳ ಕೈಯೂ ಇದ್ದರೆ? 1986ರ ಬಾಲಕಾರ್ಮಿಕ ಕಾಯ್ದೆ ನಿಷೇಧಿಸಿದ್ದು ತಾನು ಪಟ್ಟಿ ಮಾಡಿದ ಕೆಲಸಗಳನ್ನಷ್ಟೇ. ಹೊಲದ ಮಾಮೂಲಿ ಕೂಲಿ ಆ ಪಟ್ಟಿಯಲ್ಲಿರಲಿಲ್ಲ.

ಇಂಥ ಮಕ್ಕಳ ಪರವಾಗಿ ಮಾತಾಡೋರು ಯಾರು? ‘ಮಕ್ಕಳೇ ಮಾತಾಡಲಿ’ ಅನ್ನೋ ನಿಲುವಿನಿಂದ ಒಂದು ಸಂಸ್ಥೆ ಕಟ್ಟಿದ ಹೆಣ್ಣುಮಗಳ ಕಥೆ ಇವತ್ತಿನದು.

ಅವರು ನಂದನಾ ರೆಡ್ಡಿ. ‘ಸಂಸ್ಕಾರ’ ಸಿನಿಮಾದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತಂದೆ, ಅದೇ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ತಾಯಿ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಸ್ನೇಹಲತಾ ಬೆಂಗಳೂರಿನ ಜೈಲು ಸೇರಿದರು. ಅಸ್ತಮಾದಿಂದ ಜರ್ಜರಿತರಾಗಿ ಹೊರಬಂದವರು 1977ರ ಜನವರಿಯಲ್ಲಿ ತೀರಿಕೊಂಡರು.

ಮಗಳು ಕಾರ್ಮಿಕ ಸಂಘಟನೆಗೆ ಇಳಿದರು. ಅಲ್ಲಿ ಎದುರಾಯಿತು ಒಂದು ತೊಡಕು. ಆಗಿನ ಕಾನೂನಿನ ಪ್ರಕಾರ 15 ತುಂಬದವರು ಕಾರ್ಮಿಕ ಸಂಘದ ಸದಸ್ಯರಾಗುವಂತಿರಲಿಲ್ಲ. ದುಡಿಮೆ ಇದೆ, ದನಿ ಇಲ್ಲ. ಗೆಳೆಯರ ಜತೆ ಅವರು ಕಟ್ಟಿದ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಕೈಹಾಕಿದ್ದು ಈ ತೊಡಕಿಗೇ. 1990ರಲ್ಲಿ ದುಡಿಯುವ ಮಕ್ಕಳದೇ ಒಂದು ಸಂಘ ಹುಟ್ಟಿತು. ಹೆಸರು: ಭೀಮ ಸಂಘ.

ಮುಂದಿನ ಹೆಜ್ಜೆ ಕುಂದಾಪುರದ ಕಡೆ. 1990ರ ದಶಕದ ನಡುವೆ ಅಲ್ಲಿನ ಹಳ್ಳಿಗಳಲ್ಲಿ ‘ಮಕ್ಕಳ ಪಂಚಾಯಿತಿ’ಗಳು ಶುರುವಾದವು. ಮಕ್ಕಳೇ ಅಭ್ಯರ್ಥಿಗಳು, ಮಕ್ಕಳೇ ಮತದಾರರು. ಶಾಲೆಗೆ ಹೋಗುವವರಷ್ಟೇ ಅಲ್ಲ, ದುಡಿಯುವವರೂ ಅದರಲ್ಲಿದ್ದರು. ಗೆದ್ದವರು ತಮ್ಮ ಊರಿನ ಸಮೀಕ್ಷೆ ಮಾಡಿ, ಅಂಕಿಅಂಶ ಹಿಡಿದು ಪಂಚಾಯಿತಿ ಮುಂದೆ ಕೂತರು. ಅವರ ಬೇಡಿಕೆಗಳಲ್ಲೊಂದು ಕಾಲುಸಂಕ, ಅಂದರೆ ಹಳ್ಳ (ತೋಡು) ದಾಟುವ ಕಿರುಸೇತುವೆ. ಮಳೆಗಾಲದಲ್ಲಿ ತೋಡು ತುಂಬಿ ಹರಿದರೆ ಶಾಲೆಯ ದಾರಿಯೇ ಬಂದ್. ದೊಡ್ಡವರ ಪಟ್ಟಿಯಲ್ಲಿ ರಸ್ತೆ ಮೊದಲು ಬರಬಹುದು, ಆದರೆ ತೋಡು ದಾಟುವ ಮಗುವಿಗೆ ಮೊದಲು ಬೇಕಿದ್ದದ್ದು ಸಂಕ.

1996ರಲ್ಲಿ ಅದೇ ಕುಂದಾಪುರಕ್ಕೆ ಮೂವತ್ತಕ್ಕೂ ಹೆಚ್ಚು ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಬಂದರು. ಅವರು ಹೊರಡಿಸಿದ ಘೋಷಣೆಯಲ್ಲಿ 10 ಅಂಶ. ‘ನಮ್ಮ ಬಗ್ಗೆ ತೀರ್ಮಾನಿಸುವಾಗ ನಮ್ಮನ್ನು ಕೇಳಿ’ ಅನ್ನೋದು ಅದರಲ್ಲೊಂದು. ಮಕ್ಕಳು ಮಾಡಿದ ವಸ್ತುಗಳಿಗೆ ಬಹಿಷ್ಕಾರ ಹಾಕಬೇಡಿ ಅಂತಲೂ ಅವರು ಕೇಳಿದರು.

ಇದನ್ನು ಎಲ್ಲರೂ ಒಪ್ಪಲಿಲ್ಲ. ಕಲಬುರಗಿಯ ಗಡಿಗೆ ಹೊಂದಿಕೊಂಡಿದ್ದ ಅಂದಿನ ರಂಗಾರೆಡ್ಡಿ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿದ್ದವರು ಶಾಂತಾ ಸಿನ್ಹಾ. 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕ, ಮೊದಲು ಶಾಲೆಗೆ ಸೇರಿಸಿ ಅನ್ನೋದು ಅವರ ಪಟ್ಟು. ದುಡಿಮೆಗೆ ಗೌರವ ಕೇಳಿದರೆ ಬಡತನಕ್ಕೇ ಒಪ್ಪಿಗೆ ಕೊಟ್ಟಂತಾಗದೇ? ಈ ಪ್ರಶ್ನೆ ಸುಲಭದ್ದಲ್ಲ. 2016ರಲ್ಲಿ ಕಾನೂನು ಹೆಚ್ಚುಕಮ್ಮಿ ಶಾಂತಾ ಅವರ ಕಡೆ ವಾಲಿತು: ಮನೆಯ ಕಸುಬಿನಂಥ ಕೆಲವು ವಿನಾಯಿತಿ ಬಿಟ್ಟರೆ 14ರೊಳಗಿನ ಮಕ್ಕಳ ದುಡಿಮೆ ಪೂರ್ತಿ ನಿಷೇಧ.

ಆದರೆ ಮಕ್ಕಳ ಮಾತು ಕೇಳುವ ಸಭೆಯ ವಿಚಾರದಲ್ಲಿ ಗೆದ್ದದ್ದು ಕುಂದಾಪುರದ ಮಕ್ಕಳು. 2006ರಲ್ಲಿ ಕರ್ನಾಟಕ ಸರ್ಕಾರ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆಲ್ಲ ಆದೇಶ ಕಳಿಸಿತು: ಮಕ್ಕಳ ಗ್ರಾಮಸಭೆ ನಡೆಸಿ. ಬಾಳೆಗೆ ಹೆಸರಾದ ಕಲಬುರಗಿ ಜಿಲ್ಲೆಯ ಕಮಲಾಪುರದ ಸುತ್ತಲಿನ ಹಳ್ಳಿಗಳೂ ಅದರೊಳಗೆ ಬಂದವು.

ಈಗ ಗಮನಿಸಿ. ಇಲ್ಲಿ ಯಾರೂ ಮಕ್ಕಳಿಗೆ ಭಾಷಣ ಕಲಿಸಿ ನಾಯಕರನ್ನಾಗಿ ಮಾಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಲೇಬೇಕಾದ ಒಂದು ಜಾಗ ಮಾಡಿಕೊಟ್ಟರು. ನಾಯಕತ್ವ ಅಲ್ಲಿ ಬೆಳೆಯಿತು. ಉತ್ತರ ಇಲ್ಲದಿದ್ದರೆ ಮಕ್ಕಳ ಗ್ರಾಮಸಭೆಯೂ ಬ್ಯಾನರು, ಫೋಟೋ, ಬಿಸ್ಕತ್ತಿಗೇ ಮುಗಿಯುತ್ತದೆ. ಅದಕ್ಕೇ ನಿಮ್ಮೂರಿನ ಸಭೆಗೆ ಹೋದರೆ ಮೊದಲು ಕೇಳಿ: ಹೋದ ವರ್ಷದ ಬೇಡಿಕೆ ಏನಾಯಿತು?

ಇನ್ನೊಂದು ಮಾತು. ಆ ಆದೇಶ ಗ್ರಾಮ ಪಂಚಾಯಿತಿಗಳಿಗಷ್ಟೇ. ಕಮಲಾಪುರ ಕಡೆಯ ಹಳ್ಳಿಯ ಹುಡುಗಿ ಅಧ್ಯಕ್ಷರನ್ನು ನೇರವಾಗಿ ಪ್ರಶ್ನಿಸಬಹುದು. ನೆಹರು ಗಂಜ್ ಓಣಿಯ ಹುಡುಗಿ ಯಾರನ್ನು ಕೇಳಬೇಕು? ವಾರ್ಡಿಗೊಂದು ಮಕ್ಕಳ ಸಭೆ ಕರೆಯಲು ಮಹಾನಗರ ಪಾಲಿಕೆ ಇನ್ನೊಂದು ಆದೇಶಕ್ಕೆ ಕಾಯಬೇಕಿಲ್ಲ.