ಎರೆಹೊಲದ ಹಸಿ: ಒಣಬೇಸಾಯದ ಗೋಧಿ ಮತ್ತು ಕಸ



ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಎರೆಹೊಲಗಳಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಗೋಧಿಯ ಬಗ್ಗೆ, ಅದರ ಸಾಲುಗಳ ನಡುವೆ ಏಳುವ ಕಸದ ಬಗ್ಗೆ ಇಂದು ಮಾತಾಡುತ್ತೇನೆ.

ಬಿತ್ತಿ ಮೂರು ವಾರವಾದ ಹೊಲಕ್ಕೆ ಹೋಗೋಣ. ಮೇಲಿನ ಎರಡು ಬೆರಳಿನಷ್ಟು ಮಣ್ಣು ಒಣಗಿ ಪುಡಿಯಾಗಿದೆ. ಸಾಲಿನ ನಡುವಿನ ಕಾಂಗ್ರೆಸ್ ಕಸದ ಎಳೆ ಗಿಡವನ್ನು ಬುಡ ಹಿಡಿದು ಮೆಲ್ಲಗೆ ಎಳೆದರೆ, ಬೇರಿನ ಜೊತೆ ಕರಿ ಮಣ್ಣಿನ ಸಣ್ಣ ಹೆಂಟೆ ಬರುತ್ತದೆ. ಹಿಸುಕಿದರೆ ತಂಪು, ಬೆರಳಿಗೆ ಅಂಟುತ್ತದೆ. ಅದು ಸೆಪ್ಟೆಂಬರಿನಲ್ಲಿ ಬಿದ್ದ ಮಳೆ. ಗೋಧಿ ಕಾಳು ಕಟ್ಟುವಾಗ ಬೇಕಾದ ಹಸಿ ಅದೇ.

ನೀರಾವರಿ ಹೊಲದಲ್ಲಿ ಕಸ ನೀರು ಕುಡಿದರೆ ಮತ್ತೆ ಹಾಯಿಸಬಹುದು. ನಮ್ಮಲ್ಲಿ ಹಿಂಗಾರಿ ಮಳೆ ಹಿಂದೆ ಸರಿದ ಮೇಲೆ ನೆಲದೊಳಗಿನ ಹಸಿ ಮತ್ತೆ ತುಂಬುವುದು ಅಪರೂಪ. ಹಾಗಾಗಿ ಒಣಬೇಸಾಯದಲ್ಲಿ ಕಸ ತೆಗೆಯುವುದೆಂದರೆ ನೀರು ಕಾಯುವುದು. ನನ್ನ ಮಾತಿನ ತಿರುಳು ಇಷ್ಟೇ.

ಹಿರಿಯರ ಬೇಸಾಯ ಇದನ್ನು ಬಲ್ಲದು. ಮುಂಗಾರಿಯಲ್ಲಿ ಖಾಲಿ ಬಿಟ್ಟ ಎರೆಹೊಲವನ್ನು ಮಳೆಯಾಗಿ ಹದ ಬಂದಾಗಲೆಲ್ಲ ಹರಗುತ್ತಾರೆ. ಪ್ರತಿ ಮಳೆಗೆ ಒಂದಷ್ಟು ಕಸದ ಬೀಜ ಮೊಳೆಯುತ್ತದೆ, ಹರಗಿದಾಗ ಸಾಯುತ್ತದೆ. ಬಿತ್ತನೆಯ ಹೊತ್ತಿಗೆ ಮೇಲ್ಮಣ್ಣಿನ ಬೀಜದ ದಾಸ್ತಾನು ಕರಗಿರುತ್ತದೆ. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತಿದರೆ ಎಡೆಕುಂಟೆ ಆಡಲು ದಾರಿ ಸಿಗುತ್ತದೆ. ಮೂರನೇ, ನಾಲ್ಕನೇ ವಾರದ ಎಡೆ ಎರಡು ಕೆಲಸ ಮಾಡುತ್ತದೆ: ಕಸ ಕೊಯ್ಯುತ್ತದೆ, ಬಾಯಿಬಿಡಲಿದ್ದ ನೆಲಕ್ಕೆ ಪುಡಿಮಣ್ಣಿನ ಹೊದಿಕೆ ಹೊದಿಸುತ್ತದೆ. ಸಾಲಿನೊಳಗೆ ಉಳಿದದ್ದನ್ನು ಕೈಯಿಂದಲೇ ತೆಗೆಯಬೇಕು. ಬಿತ್ತಿದ ಮೊದಲ ಐದು ವಾರ ಹೊಲ ಸ್ವಚ್ಛವಿದ್ದರೆ, ಮುಂದೆ ಗೋಧಿಯ ನೆರಳೇ ಕಸವನ್ನು ಹತ್ತಿಕ್ಕುತ್ತದೆ.

ಆಳು ಸಿಗದಾಗ ಔಷಧಿಯ ಕಡೆ ಕೈ ಹೋಗುವುದು ಸಹಜ. ಆದರೆ ಒಣಭೂಮಿಯಲ್ಲಿ ಅದಕ್ಕೆ ಮಿತಿಗಳಿವೆ. ಬಿತ್ತಿದ ಕೂಡಲೇ ಮಣ್ಣಿಗೆ ಹೊಡೆಯುವ ಪೆಂಡಿಮೆಥಾಲಿನ್ ಕೆಲಸ ಮಾಡಲು ಮೇಲ್ಮಣ್ಣಿನಲ್ಲಿ ಹಸಿ ಬೇಕು. 2,4-ಡಿ ಅಗಲ ಎಲೆಯ ಕಸವನ್ನು ಕೊಲ್ಲುತ್ತದೆ, ಹುಲ್ಲಿನ ಜಾತಿಯನ್ನಲ್ಲ. ಬಾಯಾರಿ ಬಾಡಿದ ಕಸ ಔಷಧಿಯನ್ನು ಸರಿಯಾಗಿ ಹೀರುವುದೂ ಇಲ್ಲ. ಗಾಳಿಗೆ ಹನಿ ಪಕ್ಕದ ಹತ್ತಿಗೆ ತಾಗಿದರೆ ಅದರ ಎಲೆ ಬೆರಳಿನಂತೆ ಸೀಳಿ ಮುರುಟುತ್ತದೆ. ಕಡಲೆಗೂ ಅಪಾಯ ತಪ್ಪಿದ್ದಲ್ಲ.

ಔಷಧಿಯೊಂದನ್ನೇ ನಂಬಿದವರ ಅನುಭವ ನಮ್ಮೆದುರಿಗಿದೆ. ಆಸ್ಟ್ರೇಲಿಯಾದ ಗೋಧಿ ಸೀಮೆಯಲ್ಲಿ ರೈಗ್ರಾಸ್ ಎಂಬ ಹುಲ್ಲು ಕಳೆನಾಶಕಕ್ಕೆ ಜಗ್ಗದಾದದ್ದು 1982ರಲ್ಲೇ ವರದಿಯಾಯಿತು. 1990ರ ದಶಕದಲ್ಲಿ ಹರಿಯಾಣದ ನೀರಾವರಿ ಗೋಧಿಯಲ್ಲಿ ಗುಲ್ಲಿ ಡಂಡಾ ಎಂಬ ಹುಲ್ಲು ಐಸೊಪ್ರೊಟ್ಯುರಾನ್ ಎಂಬ ಕಳೆನಾಶಕಕ್ಕೆ ಸಾಯದಾಯಿತು. ಮುಂದೆ ಪಶ್ಚಿಮ ಆಸ್ಟ್ರೇಲಿಯಾದ ರೈತ ರೇ ಹ್ಯಾರಿಂಗ್ಟನ್ ಬೇರೆ ದಾರಿ ಹುಡುಕಿದರು. ಕಟಾವಿನಲ್ಲಿ ಹೊಟ್ಟಿನೊಂದಿಗೆ ಬರುವ ಕಳೆಬೀಜವನ್ನು ಜಜ್ಜಿ ಪುಡಿಮಾಡುವ ಯಂತ್ರವನ್ನೇ ಕಟ್ಟಿದರು. ಬೀಜ ನೆಲಕ್ಕೆ ಬೀಳಬಾರದು ಎಂಬುದು ಅವರ ಪಾಠ. ಅದನ್ನು ಪಾಲಿಸಲು ನಮಗೆ ದೊಡ್ಡ ಯಂತ್ರ ಬೇಡ. ಹೂವಾಗುವ ಮುನ್ನ ಉಳಿದ ಕಸ ಕೀಳೋಣ, ಬಿತ್ತುವ ಕಾಳನ್ನು ಜರಡಿ ಹಿಡಿಯೋಣ, ತಿಪ್ಪೆಗೊಬ್ಬರ ಪೂರ್ತಿ ಕಳಿತ ಮೇಲೆಯೇ ಹೊಲಕ್ಕೆ ಹೇರೋಣ.

ಕೊನೆಯ ಮಾತು. ಬೋರ್ ಕೊರೆಸಲು ಸಾಲ ಮಾಡುವ ನಾವು, ಕಸ ತೆಗೆಯುವ ಹೆಣ್ಣುಮಕ್ಕಳ ಕೂಲಿಗೆ ಚೌಕಾಸಿ ಮಾಡುತ್ತೇವೆ. ಬಿಸಿಲಲ್ಲಿ ಕುಕ್ಕರಗಾಲಲ್ಲಿ ಸಾಲು ಸಾಲೇ ಸರಿಯುತ್ತ ಅವರು ಕಿತ್ತ ಪ್ರತಿ ಗಿಡದಿಂದ ಗೋಧಿಗೆ ಅಷ್ಟು ಹಸಿ ಉಳಿಯಿತು. ಆ ಕೂಲಿಯನ್ನು ಇನ್ನು ಮುಂದೆ ನೀರಿನ ಲೆಕ್ಕದಲ್ಲಿ ಬರೆಯೋಣ, ಮನಸಾರೆ ಕೊಡೋಣ.