ಮನೆಯಂಗಳದ ಹಂದಿಗೂಡು: ಸ್ಥಳ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕೊಡಗು ಜಿಲ್ಲೆಗೆ ಹಂದಿ ಸಾಕಣೆ ಹೊಸದಲ್ಲ. ಹಾಲು ಬಿಟ್ಟ ಮರಿಗಳನ್ನು ಕೊಂಡು ತಂದು, ಕೆಲವು ತಿಂಗಳು ಸಾಕಿ, ಹಬ್ಬ ಅಥವಾ ಮದುವೆಯ ಕಾಲಕ್ಕೆ ಮಾರುವುದು ಅನೇಕ ಸಣ್ಣ ಕುಟುಂಬಗಳಿಗೆ ಆಸರೆಯಾಗಿದೆ. ಪಂಚಾಯಿತಿಗೆ ಈ ವಿಷಯದಲ್ಲಿ ಬರುವ ಅರ್ಜಿಗಳು ಮಾತ್ರ ಎರಡು ಬಗೆಯವು. ಒಂದು, ಗೂಡು ಕಟ್ಟಲು ನೆರವು ಕೋರುವುದು. ಇನ್ನೊಂದು, ನೆರೆಮನೆಯ ಗೂಡಿನಿಂದ ಬಾವಿ ಕೆಟ್ಟಿತೆಂದು ದೂರುವುದು. ಮೊದಲನೆಯದನ್ನು ಅಳತೆಯಿಲ್ಲದೆ ಮಂಜೂರು ಮಾಡಿದರೆ ಎರಡನೆಯದು ತಾನಾಗಿಯೇ ಹಿಂಬಾಲಿಸುತ್ತದೆ.

1. ಎಷ್ಟು ಜಾಗ ಬೇಕು?

ಐದರಿಂದ ಎಂಟು ತಿಂಗಳ ಪ್ರಾಯದ ಒಂದು ಹಂದಿಗೆ ಚಾವಣಿಯ ಕೆಳಗೆ 1.3ರಿಂದ 1.8 ಚದರ ಮೀಟರ್, ತೆರೆದ ಅಂಗಳದಲ್ಲಿ ಅಷ್ಟೇ ಜಾಗ ಅಗತ್ಯ. ಮರಿಯ ಇಂದಿನ ಗಾತ್ರವನ್ನು ನೋಡಿ ಗೂಡು ಕಟ್ಟಬಾರದು. ಮಾರುವ ದಿನದ ಗಾತ್ರಕ್ಕೆ ಕಟ್ಟಬೇಕು. ನಾಲ್ಕು ಹಂದಿಗಳಿಗೆ 3 ಮೀಟರ್ ಅಗಲ, 4.8 ಮೀಟರ್ ಉದ್ದ, ಅಂದರೆ ಸುಮಾರು 10 ಅಡಿಗೆ 16 ಅಡಿ ಸಾಕು. ಇದರ ಅರ್ಧಕ್ಕೆ ಚಾವಣಿ, ಉಳಿದರ್ಧ ಅಂಗಳ.

ಹಂದಿಯು ಕೊಳಕು ಪ್ರಾಣಿಯೆಂಬ ನಂಬಿಕೆ ತಪ್ಪು. ಜಾಗ ದೊರೆತರೆ ಅದು ಒಣಗಿದ ಕಡೆ ಮಲಗಿ, ಒದ್ದೆಯಾದ ಮೂಲೆಯಲ್ಲಿ ಸಗಣಿ ಹಾಕುತ್ತದೆ. ಆದ್ದರಿಂದ ನೀರಿನ ತೊಟ್ಟಿಯು ಅಂಗಳದ ತುದಿಯಲ್ಲಿ, ಚರಂಡಿಯ ಬಳಿ ಇರಲಿ. ನೆಲಕ್ಕೆ ಮೀಟರಿಗೆ 3 ಸೆಂ.ಮೀ. ಇಳಿಜಾರು ಕೊಟ್ಟು, ಮೇಲ್ಮೈಯನ್ನು ಒರಟಾಗಿ ಬಿಡಬೇಕು. ನುಣುಪಾದರೆ ಕಾಲು ಜಾರಿ ಪ್ರಾಣಿಗೆ ಪೆಟ್ಟಾಗುತ್ತದೆ. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿಯಿಲ್ಲದ ಕಾರಣ ಬೇಸಿಗೆಯಲ್ಲಿ ಅಂಗಳಕ್ಕೂ ನೆರಳು ಬೇಕು.

2. ಮಳೆಯ ಲೆಕ್ಕ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. 7.2 ಚದರ ಮೀಟರ್ ಅಂಗಳದ ಮೇಲೆ ಬೀಳುವ ನೀರು 21,600 ಲೀಟರ್‌ಗೆ ಕಡಿಮೆಯಿಲ್ಲ. ಸಗಣಿಯನ್ನು ಮುಟ್ಟಿದ ಕ್ಷಣದಲ್ಲಿ ಅಷ್ಟೂ ಕೊಳಚೆ. ಚಾವಣಿಯು ಅಂಗಳದತ್ತ ಇಳಿದಿದ್ದರೆ ಆ ಮೊತ್ತ ಇಮ್ಮಡಿಯಾಗುತ್ತದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆಂದು ಸಾಕುವ ಹಂದಿಯು ಅತ್ಯಂತ ದೊಡ್ಡದಾಗುವುದೂ ಮುಂಗಾರಿನಲ್ಲಿಯೇ.

ಆದುದರಿಂದ ಚಾವಣಿಯ ಇಳಿಜಾರು ಹೊರಗಡೆಗಿರಲಿ. ಆ ನೀರು ಪ್ರತ್ಯೇಕ ಕಾಲುವೆಯಲ್ಲಿ ಹರಿದುಹೋಗಲಿ. ಮಳೆಗಾಲದ ನಾಲ್ಕು ತಿಂಗಳು ಅಂಗಳದ ಮೇಲೆ ಟಾರ್ಪಾಲಿನ್ ಹೊದಿಸಿದ ಚಪ್ಪರವಿರಲಿ. 50 ಕೆ.ಜಿ. ತೂಕದ ಹಂದಿಯು ಸಗಣಿ, ಮೂತ್ರ ಸೇರಿ ದಿನಕ್ಕೆ ಸುಮಾರು 3 ಕೆ.ಜಿ. ವಿಸರ್ಜಿಸುತ್ತದೆ. ನಾಲ್ಕಕ್ಕೆ ಎರಡು ತಿಂಗಳಲ್ಲಿ 720 ಕೆ.ಜಿ. ಆಯಿತು. ಒಂದೂವರೆ ಘನ ಮೀಟರಿನ ಎರಡು ಗೊಬ್ಬರ ತೊಟ್ಟಿಗಳನ್ನು ನೆಲದಿಂದ ಎತ್ತರಿಸಿ ಕಟ್ಟಿ, ತರಗೆಲೆ ಅಥವಾ ಕಾಫಿ ಸಿಪ್ಪೆಯೊಡನೆ ಸರದಿಯಂತೆ ತುಂಬಿಸಿದರೆ ತೋಟಕ್ಕೆ ಗೊಬ್ಬರ ಸಿದ್ಧ. ತೊಟ್ಟಿಗಳಿಗೂ ಚಾವಣಿ ಅವಶ್ಯ.

3. ರೋಗವನ್ನು ತಡೆಯುವ ಅಂತರ

ಆಫ್ರಿಕನ್ ಹಂದಿ ಜ್ವರವು ಭಾರತದಲ್ಲಿ 2020ರಲ್ಲಿ ಮೊದಲಿಗೆ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಕಾಣಿಸಿಕೊಂಡಿತು. ಅದು ಮನುಷ್ಯರಿಗೆ ತಗಲುವುದಿಲ್ಲ. ಆದರೆ ತಗಲಿದ ಹಂದಿ ಉಳಿಯುವುದು ಅಪರೂಪ. ಕಾಡುಹಂದಿಗೂ ಅದು ಬರುತ್ತದೆ. ತೋಟದಂಚಿನ ಗೂಡಿಗೆ ಗೋಡೆಯಿಂದ ಒಂದು ಮೀಟರ್ ಆಚೆ ಎರಡನೆಯ ಬೇಲಿಯಿದ್ದರೆ ಕಾಡುಹಂದಿಯ ಮೂತಿ ಸಾಕುಹಂದಿಯನ್ನು ಮುಟ್ಟಲಾರದು. ಹೋಟೆಲ್, ಹೋಂಸ್ಟೇಗಳ ಉಳಿಕೆ ಆಹಾರವನ್ನು ಅರ್ಧ ಗಂಟೆ ಚೆನ್ನಾಗಿ ಕುದಿಸದೆ ಕೊಡಬಾರದು.

1998-99ರಲ್ಲಿ ಮಲೇಷ್ಯಾದಲ್ಲಿ ಬಾವಲಿಯ ನಿಪಾ ವೈರಸ್ ಹಂದಿಗಳ ಮೂಲಕ ಮನುಷ್ಯರಿಗೆ ಹರಡಿ ನೂರಕ್ಕೂ ಹೆಚ್ಚು ಜನರು ಮರಣ ಹೊಂದಿದರು. ಅಲ್ಲಿ ಹಂದಿಗೂಡುಗಳ ಪಕ್ಕದಲ್ಲಿಯೇ ಹಣ್ಣಿನ ಮರಗಳಿದ್ದವು. ನೆರಳಿಗಾಗಿ ಮಾವು, ಸೀಬೆ ಮರದ ಬುಡವನ್ನು ಆರಿಸಬೇಡಿರೆಂದು ಸಾಕುವವರಿಗೆ ತಿಳಿಸಿರಿ. ನಿಂತ ನೀರಿನಲ್ಲಿ ಬೆಳೆಯುವ ಸೊಳ್ಳೆಯು ಹಂದಿಯಿಂದ ಮನುಷ್ಯರಿಗೆ ಮಿದುಳು ಜ್ವರವನ್ನು ತರಬಲ್ಲದು; ಚರಂಡಿಯಲ್ಲಿ ನೀರು ನಿಲ್ಲಬಾರದು.

4. ಐದು ಸೆಂಟಿನವರ ಪ್ರಶ್ನೆ

ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಹಂದಿಗೂಡಿಗೂ ಅದಕ್ಕಿಂತ ಕಡಿಮೆ ಅಂತರ ತರವಲ್ಲ. ಗೂಡು ಬಾವಿಗಿಂತ ತಗ್ಗಿನಲ್ಲಿರುವುದೂ ಅಗತ್ಯ. ಐದು ಸೆಂಟ್ ನಿವೇಶನವೆಂದರೆ ಸುಮಾರು 200 ಚದರ ಮೀಟರ್. ಚೌಕವಾಗಿದ್ದರೆ ಒಂದು ಬದಿ 14 ಮೀಟರ್. ನಿವೇಶನದಲ್ಲೇ ಬಾವಿಯಿದ್ದರೆ ಬದಿಯ ನೇರದಲ್ಲಿ ಆ 18 ಮೀಟರ್ ದೊರೆಯುವುದೇ ಇಲ್ಲ. ಮನೆಯನ್ನೂ ನೆರೆಯವರ ಬಾವಿಗಳನ್ನೂ ಲೆಕ್ಕಕ್ಕೆ ಹಿಡಿದರೆ ಮೂಲೆಯೂ ಉಳಿಯದು.

ನಿಯಮವನ್ನಷ್ಟೇ ಓದಿ ಅರ್ಜಿಯನ್ನು ತಿರಸ್ಕರಿಸಿದರೆ ಏನಾಗುತ್ತದೆ? ತೋಟವಿರುವವರು ಹಂದಿ ಸಾಕುತ್ತಾರೆ. ಕಾಲೋನಿಯವರು, ಲೈನ್ ಮನೆಯವರು ಕಸುಬು ಬಿಡುತ್ತಾರೆ ಅಥವಾ ಕದ್ದುಮುಚ್ಚಿ ಸಾಕುತ್ತಾರೆ. ನಿಯಮವನ್ನು ಸಡಿಲಿಸಿದರೆ ಕೆಟ್ಟ ನೀರನ್ನು ಕುಡಿಯುವವರೂ ಅದೇ ಕಾಲೋನಿಯ ಮಕ್ಕಳೇ. ಇವೆರಡೂ ನ್ಯಾಯವಲ್ಲ.

ಪರಿಹಾರವೆಂದರೆ ವಸತಿಯ ಹೊರಗೆ, ಹೊಳೆ ಮತ್ತು ಬಾವಿಗಳಿಂದ ದೂರವಿರುವ ಪೈಸಾರಿ ಜಾಗವನ್ನು ಕಂದಾಯ ಇಲಾಖೆಯ ಒಪ್ಪಿಗೆಯೊಡನೆ ಗುರುತಿಸುವುದು. ಅಲ್ಲಿ ಕುಟುಂಬಕ್ಕೊಂದರಂತೆ ಗೂಡು, ಎಲ್ಲರಿಗೂ ಒಂದೇ ಗೊಬ್ಬರ ವ್ಯವಸ್ಥೆ. ಒಂದರ ರೋಗ ಮತ್ತೊಂದಕ್ಕೆ ದಾಟದಂತೆ ನಡುವೆ ಪೂರ್ಣ ಗೋಡೆಯೂ ಬೇರೆ ಬೇರೆ ಚರಂಡಿಯೂ ಇರಬೇಕು.

ಸದಸ್ಯರಲ್ಲಿ ನನ್ನ ವಿನಂತಿ ಮೂರು. ಗೂಡಿನ ಅರ್ಜಿ ಬಂದಾಗ ಟೇಪು ಹಿಡಿದು ಸ್ಥಳಕ್ಕೆ ತೆರಳಿ ಬಾವಿಯ ಅಂತರವನ್ನು ಅಳೆಯಿರಿ. ಪಶುವೈದ್ಯಾಧಿಕಾರಿಗಳನ್ನು ಮುಂಗಾರಿಗೆ ಮುನ್ನ ಗ್ರಾಮಸಭೆಗೆ ಆಹ್ವಾನಿಸಿರಿ. ಜಾಗವಿಲ್ಲದ ಕುಟುಂಬಗಳ ಪಟ್ಟಿ ಮಾಡಿ, ಸಾಮೂಹಿಕ ಸ್ಥಳಕ್ಕಾಗಿ ಸಭೆಯಲ್ಲಿ ನಿರ್ಣಯ ಕೈಗೊಳ್ಳಿರಿ. ನಕ್ಷೆಯನ್ನು ಸಿದ್ಧಪಡಿಸುವುದು ನಮ್ಮ ಕೆಲಸ; ಜಾಗವನ್ನು ದೊರಕಿಸಿಕೊಡುವ ಇಚ್ಛಾಶಕ್ತಿ ತಮ್ಮದು.